ಹುಲ್ಲಿನ ಗುಡಿ ಮತ್ತು ಸಂರಕ್ಷಣೆಯ ಧರ್ಮ

ಗುಡಿಯೊಂದರ ಹುಲ್ಲು, ಬಿದಿರು, ಬೆತ್ತ, ಹಲಗೆಗಳೆಲ್ಲ ಕಾಲಕಾಲಕ್ಕೆ ಬದಲಾಗುತ್ತ ಹೋಗಿ, ಮೊದಲು ಕಟ್ಟಿದವರ ಕೈ ತಾಗಿದ ಒಂದು ಕಡ್ಡಿಯೂ ಅದರಲ್ಲಿ ಉಳಿಯದೆ ಹೋದ ಮೇಲೆ ಅದನ್ನು ಅದೇ ಗುಡಿಯೆನ್ನಬೇಕೇ, ಬೇರೆ ಗುಡಿಯೆನ್ನಬೇಕೇ ಎಂಬ ಪ್ರಶ್ನೆ ತತ್ತ್ವಚಿಂತನೆಯಲ್ಲಿ ಬಹಳ ಹಳೆಯದು. ಗ್ರೀಕರು ಇದನ್ನು ಥೀಸಿಯಸನ ಹಡಗಿನ ಹಲಗೆಗಳನ್ನು ಮುಂದಿಟ್ಟುಕೊಂಡು ಕೇಳಿದರೆ, ಪಾಳಿಯ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ರಾಜನ ರಥದ ಅಚ್ಚು, ಗಾಲಿ, ನೊಗಗಳನ್ನು ಒಂದೊಂದಾಗಿ ಎಣಿಸಿ, ಇವುಗಳಲ್ಲಿ ಯಾವುದೂ ರಥವಲ್ಲ, ಇವುಗಳಿಂದ ಹೊರತಾದ ರಥವೂ ಇಲ್ಲ ಎಂದು ತೋರಿಸಿಕೊಡುತ್ತಾನೆ. ನೀಲಗಿರಿ ಜಿಲ್ಲೆಯಲ್ಲಿ ಈ ಪ್ರಶ್ನೆ ಪಾಠಶಾಲೆಯ ಒಗಟಾಗಿ ಉಳಿದಿಲ್ಲ. ಉದಕಮಂಡಲದ ಸುತ್ತಣ ತೋಡ ಬುಡಕಟ್ಟಿನ ಮಂದುಗಳೆಂಬ ಚಿಕ್ಕ ಊರುಗಳಲ್ಲಿ, ಕೋತರ ಊರುಗಳಲ್ಲಿ, ಗೂಡಲೂರು, ಮಸಿನಗುಡಿಗಳ ಕಾಡಂಚಿನಲ್ಲಿ, ಯಾವುದನ್ನು ಉಳಿಸಿದರೆ ಪೂಜಾಸ್ಥಾನ ಉಳಿದಂತಾಗುತ್ತದೆ ಎಂಬುದು ಹಣ, ಅನುಮತಿ, ಅಧಿಕಾರಗಳೊಡನೆ ಹೆಣೆದುಕೊಂಡ ವ್ಯವಹಾರದ ಪ್ರಶ್ನೆಯಾಗಿದೆ. ಅದಕ್ಕೆ ಉತ್ತರ ಹೇಳುವ ಸ್ಥಾನದಲ್ಲಿ ಐತಿಹಾಸಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ತರಬೇತಿ ಪಡೆದ ತಜ್ಞರು ಹೆಚ್ಚು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದರಿಂದ, ಆ ತರಬೇತಿಯ ತಳಹದಿಯಲ್ಲಿರುವ ಧರ್ಮದೃಷ್ಟಿ ಯಾವುದು, ಈ ಬೆಟ್ಟಗಳಿಗೆ ಅದು ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದನ್ನು ವಿಚಾರಿಸುವುದು ಅಗತ್ಯ.

ಇಂಥ ತರಬೇತಿಯ ಮುಖ್ಯ ಕೇಂದ್ರ ರೋಮಿನಲ್ಲಿದ್ದರೂ ಅದರ ಹುಟ್ಟಿನಲ್ಲಿ ಭಾರತಕ್ಕೂ ಒಂದು ಪಾಲಿದೆ. ಯುನೆಸ್ಕೋದ ಒಂಬತ್ತನೆಯ ಮಹಾಧಿವೇಶನ 1956ರಲ್ಲಿ ಹೊಸದೆಹಲಿಯಲ್ಲಿ ಸೇರಿದಾಗಲೇ, ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣೆಯನ್ನು ಅಧ್ಯಯನ ಮಾಡಿ ಕಲಿಸುವ ಅಂತರರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸುವ ತೀರ್ಮಾನವಾಯಿತು; 1959ರಲ್ಲಿ ರೋಮಿನಲ್ಲಿ ಕೆಲಸ ಆರಂಭಿಸಿದ ಆ ಕೇಂದ್ರವೇ ಇಂದು ಇಕ್ರೋಮ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 1960ರ ದಶಕದ ನಡುಭಾಗದಿಂದ ಅಲ್ಲಿ ವಾಸ್ತುಸಂರಕ್ಷಣೆಯ ಶಿಕ್ಷಣ ನಡೆದುಬಂದಿತು. 1970ರ ದಶಕದಲ್ಲಿ ಕಲ್ಲಿನ ಸಂರಕ್ಷಣೆಗೆ ವೆನಿಸ್ಸಿನಲ್ಲಿ, 1984ರಿಂದ ಮರದ ಸಂರಕ್ಷಣೆಗೆ ನಾರ್ವೆಯಲ್ಲಿ ಬೇರೆ ಬೇರೆ ಶಿಕ್ಷಣಕ್ರಮಗಳು ಏರ್ಪಟ್ಟವು. ನಾನಾ ದೇಶಗಳ ವಾಸ್ತುಶಿಲ್ಪಿಗಳೂ ಪುರಾತತ್ತ್ವ ಇಲಾಖೆಗಳ ಅಧಿಕಾರಿಗಳೂ ಇವುಗಳಲ್ಲಿ ಕಲಿತು ತಮ್ಮ ನಾಡುಗಳಿಗೆ ಮರಳಿ ಅಲ್ಲಿಯ ನಿಯಮಾವಳಿಗಳನ್ನು ರೂಪಿಸಿದ್ದಾರೆ. 1977ರಿಂದ 1981ರವರೆಗೆ ಆ ಕೇಂದ್ರದ ನಿರ್ದೇಶಕರಾಗಿದ್ದ ಬರ್ನಾರ್ಡ್ ಫೀಲ್ಡನ್ ಅವರೇ ಮುಂದೆ ಭಾರತದ ಇಂಟ್ಯಾಕ್ ಸಂಸ್ಥೆಗಾಗಿ, ಅಂದರೆ 1984ರಲ್ಲಿ ಸ್ಥಾಪಿತವಾದ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ನ್ಯಾಸಕ್ಕಾಗಿ, ಸಂರಕ್ಷಣೆಯ ಕೈಪಿಡಿಯೊಂದನ್ನು ಬರೆದುಕೊಟ್ಟರು.

ಈ ಶಿಕ್ಷಣದಲ್ಲಿ ಮೊದಲು ಮನದಟ್ಟಾಗಿಸುವ ತತ್ತ್ವಗಳು ಮೂರು ನಾಲ್ಕೇ. ಕಟ್ಟಡದ ಮೇಲೆ ಕೈಯಿಡುವ ಮುನ್ನ ಅದರ ಅಳತೆ, ಚಿತ್ರ, ದೋಷಗಳನ್ನು ಪೂರ್ತಿಯಾಗಿ ದಾಖಲಿಸಬೇಕು; ಮಾಡಲೇಬೇಕಾದಷ್ಟನ್ನು ಮಾತ್ರ ಮಾಡಬೇಕು, ಇದನ್ನು ಕನಿಷ್ಠ ಹಸ್ತಕ್ಷೇಪವೆನ್ನುತ್ತಾರೆ; ಇಂದು ಸೇರಿಸಿದ್ದನ್ನು ನಾಳೆ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಲು ಬರಬೇಕು; ಹೊಸದಾಗಿ ಕೂಡಿಸಿದ ಭಾಗ ಹಳೆಯದರೊಡನೆ ಹೊಂದಿಕೊಂಡರೂ ನೋಡುವವರಿಗೆ ಹೊಸದೆಂದು ತಿಳಿಯಬೇಕು. 1964ರ ವೆನಿಸ್ ಸನ್ನದು ಈ ತತ್ತ್ವಗಳಲ್ಲಿ ಹಲವಕ್ಕೆ ಅಂತರರಾಷ್ಟ್ರೀಯ ಒಪ್ಪಿಗೆಯ ಮುದ್ರೆಯೊತ್ತಿತು. ಊಹೆ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಪುನಃಸ್ಥಾಪನೆ ನಿಲ್ಲಬೇಕು ಎಂಬುದು ಅದರ ಕಟ್ಟುನಿಟ್ಟಾದ ಮಾತು. ಇವು ತಂತ್ರದ ನಿಯಮಗಳಂತೆ ತೋರಿದರೂ ಇವುಗಳ ಹಿಂದಿರುವುದು ಒಂದು ನೀತಿಶ್ರದ್ಧೆ. ಕಟ್ಟಡ ಅದನ್ನು ಕಟ್ಟಿದವರಿಗೂ ಮುಂದೆ ಬರುವವರಿಗೂ ಸೇರಿದ್ದು, ನಡುವಣ ತಲೆಮಾರಿಗೆ ಅದನ್ನು ತಿದ್ದುವ ಹಕ್ಕಿಲ್ಲ ಎಂದು ಜಾನ್ ರಸ್ಕಿನ್ 1849ರಲ್ಲಿ ಬರೆದದ್ದೂ, ಅಂದಗೆಟ್ಟ ಹಳೆಯ ಕಲ್ಲಿನ ಮೇಲೆ ಕಾಲವೇ ಒತ್ತಿದ ಗುರುತುಗಳಿಗೆ ತಮ್ಮದೇ ಬೆಲೆಯಿದೆ ಎಂದು ವಿಯೆನ್ನಾದ ಅಲೋಯಿಸ್ ರೀಗಲ್ 1903ರಲ್ಲಿ ವಾದಿಸಿದ್ದೂ, ಕಲಾಕೃತಿಯಲ್ಲಿ ಸರಿಪಡಿಸಬಹುದಾದದ್ದು ಅದರ ದ್ರವ್ಯವನ್ನು ಮಾತ್ರ ಎಂದು ಇಟಲಿಯ ಚೆಸಾರೆ ಬ್ರಾಂದಿ 1963ರಲ್ಲಿ ಪ್ರತಿಪಾದಿಸಿದ್ದೂ ಒಂದೇ ನಂಬಿಕೆಯ ಬೇರೆ ಬೇರೆ ರೂಪಗಳು. ದ್ರವ್ಯವೆಂಬುದು ಸಾಕ್ಷಿ, ಆ ಸಾಕ್ಷಿಯನ್ನು ತಿರುಚುವುದು ಸುಳ್ಳು ಹೇಳಿದಂತೆ ಎಂಬ ನಂಬಿಕೆ ಅದು. ಸತ್ಯವನ್ನು ಕುರಿತ ಈ ಕಾಳಜಿ ಗೌರವಕ್ಕೆ ಅರ್ಹವಾದದ್ದೇ. ನೀಲಗಿರಿಯಲ್ಲಿ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದಷ್ಟೇ ಇಲ್ಲಿಯ ವಿಚಾರ.

ಉದಕಮಂಡಲದ ಮಗ್ಗುಲಲ್ಲೇ ಇರುವ ಮುತ್ತನಾಡು ಮಂದು ತೋಡರ ಮುಖ್ಯ ನೆಲೆಗಳಲ್ಲೊಂದು. ಮಂದು ಎಂದರೆ ತೋಡರ ಚಿಕ್ಕ ಊರು: ಕೆಲವು ಮನೆಗಳು, ಎಮ್ಮೆಗಳ ದೊಡ್ಡಿ, ಮತ್ತು ಇವುಗಳಿಂದ ದೂರವಾಗಿ, ಕಲ್ಲಿನ ತಗ್ಗು ಗೋಡೆಯ ಒಳಗೆ ನಿಂತ ಗುಡಿ. ಅರ್ಧ ಪೀಪಾಯಿಯನ್ನು ನೆಲಕ್ಕೆ ಬೋರಲು ಹಾಕಿದ ಹಾಗಿರುವ ಕಮಾನಿನ ಗುಡಿಗಳೇ ಹೆಚ್ಚು; ಮುತ್ತನಾಡಿನಲ್ಲಿ ಇವುಗಳಿಗಿಂತ ಅಪೂರ್ವವಾದ, ಗೋಪುರದಂತೆ ಮೇಲೆ ಮೇಲೆ ಕಿರಿದಾಗುತ್ತ ಹೋಗುವ ಶಂಕುವಿನಾಕಾರದ ಗುಡಿಯೂ ಇದೆ. ಬಿದಿರನ್ನೂ ಬೆತ್ತವನ್ನೂ ಬಾಗಿಸಿ ಕಟ್ಟಿದ ಹಂದರದ ಮೇಲೆ ಹುಲ್ಲಿನ ದಪ್ಪ ಹೊದಿಕೆ ಹಾಕಿ, ಮುಂಭಾಗಕ್ಕೆ ಹಲಗೆ ಅಥವಾ ಕಲ್ಲು ನಿಲ್ಲಿಸಿ, ಮೈಬಗ್ಗಿಸಿ ತೆವಳಿ ಹೋಗುವಷ್ಟು ಕಿರಿದಾದ ಬಾಗಿಲು ಬಿಡುತ್ತಾರೆ. ಒಳಗಿನ ಕೋಣೆಯಲ್ಲಿ ವಿಗ್ರಹವಿಲ್ಲ. ಅಲ್ಲಿರುವುದು ಪವಿತ್ರವಾದ ಹಾಲಿನ ಪಾತ್ರೆಗಳು. ಮೀಸಲು ಎಮ್ಮೆಗಳ ಹಾಲನ್ನು ಕಡೆದು ಬೆಣ್ಣೆ ತೆಗೆಯುವ ಕೆಲಸವನ್ನು ಶುದ್ಧಿವಿಧಿಗಳ ಮೂಲಕ ದೀಕ್ಷೆ ಪಡೆದ ಪೂಜಾರಿಯೇ ನಡೆಸಬೇಕು, ಆ ಕೆಲಸವೇ ಪೂಜೆ. ಹೀಗೆ ಗುಡಿಯೂ ಹಾಲುಮನೆಯೂ ಒಂದೇ ಆಗಿರುವುದು ಈ ಬೆಟ್ಟದ ಧರ್ಮದ ವಿಶೇಷ. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಹಳೆಯ ಮನೆಗಳಲ್ಲಿ ಹಾಗೋಟು ಎಂಬ ಹಾಲಿನ ಕೋಣೆಗೆ ಇದ್ದ ಮಡಿಯೂ ಇದೇ ಭಾವದ್ದು. 1901–02ರಲ್ಲಿ ಇಲ್ಲಿ ನೆಲೆಸಿ ಅಧ್ಯಯನ ನಡೆಸಿದ ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ಪ್ರಕಟಿಸಿದ ಗ್ರಂಥದ ಬಹುಭಾಗ ಈ ಹಾಲಿನ ವಿಧಿಗಳ ವಿವರಣೆಗೇ ಮೀಸಲಾಗಿದೆ.

ಹುಲ್ಲು ಮಳೆಗೆ ಕೊಳೆಯುತ್ತದೆ, ಬೆತ್ತ ಸಡಿಲುತ್ತದೆ, ಆದ್ದರಿಂದ ಗುಡಿಯನ್ನು ಆಗಾಗ ಬಿಚ್ಚಿ ಮತ್ತೆ ಕಟ್ಟಲೇಬೇಕು. ಆ ಕೆಲಸಕ್ಕೆ ಕುಲದ ಗಂಡಸರೆಲ್ಲ ಕೂಡುತ್ತಾರೆ. ಹುಲ್ಲು ಎಂಥದಾದರೂ ನಡೆಯುವುದಿಲ್ಲ, ಎತ್ತರದ ಜೌಗುಗಳಲ್ಲಿ ಮಾತ್ರ ಬೆಳೆಯುವ, ತೋಡರು ಅವ್‌ಫುಲ್ ಎಂದು ಕರೆಯುವ ಜಾತಿಯೇ ಆಗಬೇಕು. ಬೆತ್ತವನ್ನೂ ಬಿದಿರನ್ನೂ ಕಾಡಿನಿಂದ ತರಬೇಕು. ಪ್ರತಿ ಸಲದ ಕಟ್ಟೋಣದಲ್ಲಿ ಹಿರಿಯರ ಕೈಯಿಂದ ಕಿರಿಯರ ಕೈಗೆ ಬಾಗಿಸುವ, ಬಿಗಿಯುವ, ಹೊದಿಸುವ ಜಾಣ್ಮೆ ದಾಟುತ್ತದೆ. ಇಂಥ ಕಟ್ಟಡದ ಮುಂದೆ ರೋಮಿನ ಪಾಠವನ್ನು ಅಕ್ಷರಶಃ ಅನುಸರಿಸುವ ತಜ್ಞನೊಬ್ಬ ನಿಂತರೆ, ಕನಿಷ್ಠ ಹಸ್ತಕ್ಷೇಪದ ಹೆಸರಿನಲ್ಲಿ ಹಳೆಯ ಹುಲ್ಲನ್ನು ರಾಸಾಯನಿಕದಿಂದ ಗಟ್ಟಿಗೊಳಿಸಿ ಉಳಿಸಲು ಹೇಳಬೇಕಾಗುತ್ತದೆ. ಹೊಸದು ಹೊಸದೆಂದು ಕಾಣಬೇಕೆಂಬ ನಿಯಮಕ್ಕಾಗಿ ಹೊಸ ಬೆತ್ತಕ್ಕೆ ಗುರುತು ಹಾಕಬೇಕಾಗುತ್ತದೆ. ಹಾಗೆ ಮಾಡಿದರೆ ಒಂದು ತಲೆಮಾರಿನಷ್ಟು ಕಾಲ ಹುಲ್ಲು ಉಳಿದೀತು, ಆದರೆ ಗುಡಿ ಕಟ್ಟುವವರ ಸಾಲು ಕಡಿದುಹೋಗುತ್ತದೆ. ಮುಂದಿನ ಬಾರಿ ಬಿಚ್ಚುವ ಹೊತ್ತಿಗೆ ಕಟ್ಟಲು ಬಲ್ಲವರೇ ಇಲ್ಲದಂತಾದ ಮೇಲೆ ಆ ಉಳಿಕೆಗೆ ಅರ್ಥವಿಲ್ಲ.

ಈ ತೊಡಕನ್ನು ತರಬೇತಿಯ ಲೋಕ ತಾನೇ ಕಂಡುಕೊಂಡಿತೆಂಬುದನ್ನು ಒಪ್ಪಬೇಕು. ಜಪಾನಿನ ಇಸೆಯ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಕಟ್ಟಿ ದೇವತೆಯನ್ನು ಅಲ್ಲಿಗೆ ಬಿಜಯಂಗೈಸುವ ಪದ್ಧತಿಯಿದ್ದು, 2013ರಲ್ಲಿ ನಡೆದದ್ದು ಅರವತ್ತೆರಡನೆಯ ಕಟ್ಟೋಣ. ಜಪಾನಿನ ನಾರಾ ಪಟ್ಟಣದಲ್ಲಿ 1994ರ ನವೆಂಬರಿನಲ್ಲಿ ಸೇರಿದ ತಜ್ಞರು ಸಿದ್ಧಪಡಿಸಿದ ದಸ್ತಾವೇಜು ನೈಜತೆಯನ್ನು, ಅಂದರೆ ಒಂದು ಸ್ಮಾರಕ ತಾನು ಹೇಳಿಕೊಳ್ಳುವಂಥದೇ ಹೌದೇ ಎಂಬುದನ್ನು, ದ್ರವ್ಯವೊಂದರಿಂದಲೇ ಅಳೆಯಲಾಗದು; ರೂಪ, ಬಳಕೆ, ಪರಂಪರೆ ಮತ್ತು ಕಸಬು, ಸ್ಥಳ, ಭಾವ ಇವೆಲ್ಲವನ್ನೂ ಆಯಾ ಸಂಸ್ಕೃತಿಯ ಒಳಗಿನಿಂದಲೇ ನೋಡಬೇಕು ಎಂದು ಸಾರಿತು. 2003ರಲ್ಲಿ ಇಕ್ರೋಮ್ ಸಂಸ್ಥೆಯೇ ಜೀವಂತ ಧಾರ್ಮಿಕ ಪರಂಪರೆಯನ್ನು ಕುರಿತು ರೋಮಿನಲ್ಲಿ ವಿಚಾರಗೋಷ್ಠಿ ನಡೆಸಿತು. ಶ್ರೀಲಂಕೆಯ ಕ್ಯಾಂಡಿಯ ದಂತಧಾತು ದೇವಾಲಯ 1998ರ ಜನವರಿಯಲ್ಲಿ ಬಾಂಬ್ ದಾಳಿಗೆ ತುತ್ತಾದಾಗ, ಗಾಯದ ಗುರುತು ಉಳಿಸುವುದಕ್ಕಿಂತ ಪೂಜೆಗೆ ಯೋಗ್ಯವಾಗಿ ಬೇಗ ಮರಳಿ ಕಟ್ಟುವುದೇ ಮುಖ್ಯವೆಂದು ಭಿಕ್ಷುಗಳೂ ಭಕ್ತರೂ ಹಿಡಿದ ಪಟ್ಟು ಈ ಚಿಂತನೆಗೆ ಬಲ ಕೊಟ್ಟ ಪ್ರಸಂಗಗಳಲ್ಲೊಂದು. ಭಾರತದಲ್ಲಿ 2004ರ ನವೆಂಬರಿನಲ್ಲಿ ಇಂಟ್ಯಾಕ್ ಅಂಗೀಕರಿಸಿದ ಸನ್ನದು ಜೀರ್ಣೋದ್ಧಾರವೆಂಬ ದೇಶೀಯ ಪದ್ಧತಿಗೂ ಸಂರಕ್ಷಣೆಯಲ್ಲಿ ಸ್ಥಾನವಿದೆಯೆಂದು ಒಪ್ಪಿತು. ನೀಲಗಿರಿಯ ಬೆಟ್ಟದ ರೈಲು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆಯೂ ಅದಕ್ಕೆ ಬೇಕಾದ ಉಗಿಬಂಡಿಗಳನ್ನು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಹೊಸದಾಗಿ ಕಟ್ಟಲಾಗಿದೆ. ಅದರಿಂದ ರೈಲಿನ ನೈಜತೆಗೆ ಕುಂದು ಬಂದಿತೆಂದು ಯಾರೂ ಹೇಳುವುದಿಲ್ಲ.

ಹಾಗಾದರೆ ದ್ರವ್ಯ ಮುಖ್ಯವಲ್ಲ, ಭಾವ ಮುಖ್ಯ ಎಂದು ತೀರ್ಮಾನಿಸಿ ವಿಚಾರವನ್ನು ಇಲ್ಲಿಗೇ ಮುಗಿಸಬಹುದೇ? ಹಾಗೆ ಮುಗಿಸುವುದು ಸುಲಭ, ಮತ್ತು ಅಪಾಯಕರ. ಸ್ಥಾವರಕ್ಕೆ ಅಳಿವಿದೆ, ಜಂಗಮಕ್ಕಿಲ್ಲ ಎಂಬ ಬಸವಣ್ಣನವರ ಪ್ರಸಿದ್ಧ ವಿಚಾರವನ್ನು ಇಂಥ ಸಂದರ್ಭದಲ್ಲಿ ಆಸರೆಯಾಗಿ ಹಿಡಿಯುವವರುಂಟು. ಬಡಗರಲ್ಲಿಯೇ ಒಡೆಯರೆಂಬ ಪಂಗಡ ಲಿಂಗಾಯತ ಸಂಪ್ರದಾಯದ್ದಾದುದರಿಂದ ಆ ಮಾತು ಈ ಬೆಟ್ಟಕ್ಕೆ ಪರಕೀಯವೂ ಅಲ್ಲ. ಆದರೆ ದೇಹವನ್ನೇ ದೇಗುಲವಾಗಿಸಿಕೊಂಡವನಿಗೆ ಕಟ್ಟಡದ ಹಂಗಿಲ್ಲ ಎನ್ನುವ ಆ ವಿಚಾರ, ಇರುವ ಗುಡಿಯನ್ನು ಕೆಡವಿ ಸಿಮೆಂಟಿನಲ್ಲಿ ಕಟ್ಟುವುದಕ್ಕೆ ಸಮರ್ಥನೆಯಾಗಲಾರದು. ಇಪ್ಪತ್ತನೆಯ ಶತಮಾನದಲ್ಲಿ ಕೆಲವು ಮಂದುಗಳ ಗುಡಿಗಳಿಗೆ ಹುಲ್ಲಿನ ಬದಲು ತಗಡು, ಸಿಮೆಂಟು ಬಂದವು. ಸಮುದಾಯ ತಾನಾಗಿ ಬದಲಾವಣೆಯನ್ನು ಬಯಸಿದರೆ ಹೊರಗಿನ ತಜ್ಞ ಬೇಡವೆನ್ನುವ ಹಾಗಿಲ್ಲ ಎಂದು ಇಂದಿನ ತರಬೇತಿ ಕಲಿಸುತ್ತದೆ. ಅದು ಸರಿಯಾದ ಮಾತೇ, ಆದರೆ ಅರ್ಧ ಮಾತು. ಜೌಗು ಬತ್ತಿ ಹುಲ್ಲು ಸಿಗದಂತಾಗಿ, ಬೆತ್ತ ಕಡಿಯಲು ಕಾಡಿಗೆ ಕಾಲಿಡುವುದೇ ಅಪರಾಧವಾಗಿ, ತಗಡು ಮಾತ್ರ ಅಗ್ಗವಾಗಿ ಪೇಟೆಯಲ್ಲಿ ದೊರೆಯುವಾಗ ತಗಡನ್ನು ಹೊದಿಸಿದವರ ತೀರ್ಮಾನವನ್ನು ನಂಬಿಕೆಯ ಬದಲಾವಣೆಯೆಂದು ಬರೆದುಕೊಳ್ಳುವುದು ಅನ್ಯಾಯ. ಕೊರತೆ ಮಾಡಿಸಿದ ಆಯ್ಕೆ ಆಯ್ಕೆಯೇ ಅಲ್ಲ.

ದ್ರವ್ಯವೇ ಮುಖ್ಯವಾಗುವ ಸ್ಥಳಗಳೂ ಈ ಜಿಲ್ಲೆಯಲ್ಲಿಯೇ ಇವೆ. ಬೆಟ್ಟದ ನೆತ್ತಿಗಳ ಮೇಲೆ ಕಲ್ಲುಗಳನ್ನು ವೃತ್ತಾಕಾರವಾಗಿ ಪೇರಿಸಿ ಮಾಡಿದ ಪ್ರಾಚೀನ ಸಮಾಧಿಗಳನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಒಂದರ ಹಿಂದೊಂದು ಅಗೆದರು; ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಸಂಗ್ರಹಿಸಿದ ಕಂಚಿನ ಬಟ್ಟಲುಗಳೂ, ಪ್ರಾಣಿಗಳ ಗೊಂಬೆಗಳಿರುವ ಮುಚ್ಚಳದ ಮಡಕೆಗಳೂ ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ, ಅವನ ಗ್ರಂಥ ಅವನು ತೀರಿಕೊಂಡ ಮರುವರ್ಷ 1873ರಲ್ಲಿ ಹೊರಬಂದಿತು. ಆ ಸಮಾಧಿಗಳನ್ನು ಕಟ್ಟಿದವರ ಪರವಾಗಿ ಮಾತನಾಡಲು ಇಂದು ಯಾರೂ ಇಲ್ಲ. ಉಳಿದ ಕಲ್ಲುಗಳು ಮಾತ್ರ ಸಾಕ್ಷಿ, ಆದ್ದರಿಂದ ಅಲ್ಲಿ ರಸ್ಕಿನ್ನನ ಕಟ್ಟಳೆಯೇ ಸರಿ, ಒಂದು ಕಲ್ಲನ್ನೂ ಅಲುಗಿಸಬಾರದು. ಉದಕಮಂಡಲದ ಸೇಂಟ್ ಸ್ಟೀಫನ್ ಚರ್ಚು ಇನ್ನೊಂದು ಬಗೆಯ ಉದಾಹರಣೆ. 1829ರಲ್ಲಿ ಅಡಿಗಲ್ಲು ಹಾಕಿ 1830ರಲ್ಲಿ ಪ್ರತಿಷ್ಠೆಗೊಂಡ ಈ ಚರ್ಚಿನ ತೊಲೆಗಳು ಟಿಪ್ಪು ಸುಲ್ತಾನನ ಪತನದ ಅನಂತರ ಶ್ರೀರಂಗಪಟ್ಟಣದ ಲಾಲ್‌ಬಾಗ್ ಅರಮನೆಯಿಂದ ತಂದ ಮರದವು. ಪ್ರಾರ್ಥಿಸುವವರಿಗೆ ಬೇರೆ ಮರದ ತೊಲೆಯಾದರೂ ಸೂರು ಸೂರೇ, ಅವರ ಆರಾಧನೆಗೆ ಕೊರತೆಯಾಗದು. ಹಾಗಿದ್ದೂ ಆ ತೊಲೆಯನ್ನು ಬದಲಿಸಿದರೆ, ಸೋತ ಅರಸನ ಅರಮನೆ ಗೆದ್ದವರ ದೇವಮಂದಿರಕ್ಕೆ ಮರವಾಗಿ ಬಂದ ಕಥೆಗೆ ಇರುವ ಕೈಗೆ ತಾಗುವ ಪುರಾವೆ ಅಳಿಸಿಹೋಗುತ್ತದೆ. ಅಂಥ ಪುರಾವೆಯನ್ನು ಕಾಯುವುದು ಕೂಡ ಸತ್ಯಕ್ಕೆ ಸಲ್ಲಿಸುವ ಋಣ.

ಈ ಎರಡು ಬಗೆಗಳ ನಡುವೆ ನಿಲ್ಲುವ ಸ್ಥಳಗಳೇ ಹೆಚ್ಚು ಯೋಚನೆಗೆ ಹಚ್ಚುತ್ತವೆ. ಮೇಲೂರು, ಶೋಲೂರು ಮುಂತಾದೆಡೆ ಶಿಲ್ಪಗಳನ್ನು ಕೊರೆದ ಚಪ್ಪಡಿಗಳ ಕಲ್ಮನೆಗಳಿವೆ. ಅವನ್ನು ನಿಲ್ಲಿಸಿದವರ ನೆನಪು ಮಾಸಿದ್ದರೂ, ಇಂಥ ಕೆಲವು ತಾಣಗಳಲ್ಲಿ ಬಡಗರ ಪರವಾಗಿ ಕುರುಂಬ ಬುಡಕಟ್ಟಿನವರು ಪೂಜೆ ಸಲ್ಲಿಸುತ್ತಿದ್ದುದನ್ನು ಹಳೆಯ ಬರಹಗಾರರು ದಾಖಲಿಸಿದ್ದಾರೆ. ಕಟ್ಟಿದವರು ಒಬ್ಬರು, ಹರಕೆ ಹೊತ್ತವರು ಇನ್ನೊಬ್ಬರು, ಪೂಜೆ ಮಾಡುವವರು ಮತ್ತೊಬ್ಬರು. ಇಲ್ಲಿ ಶಿಲ್ಪವನ್ನು ಸಾಕ್ಷಿಯೆಂದು ಕಾಯಬೇಕೇ, ಎಣ್ಣೆ ಅರಿಸಿನ ಹಚ್ಚುವವರಿಗೆ ಬಿಟ್ಟುಕೊಡಬೇಕೇ? ಎಣ್ಣೆಯಿಂದ ಕಲ್ಲಿಗೆ ಆಗುವ ಹಾನಿಯನ್ನು ವೆನಿಸ್ಸಿನ ಪಾಠ ಕರಾರುವಾಕ್ಕಾಗಿ ಹೇಳಬಲ್ಲದು. ಎಣ್ಣೆ ನಿಂತರೆ ಆಗುವ ಹಾನಿಯನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಪೂಜಿಸುವವರು ಇರುವವರೆಗೆ ಆ ಕಲ್ಲನ್ನು ಕಾಯುವವರು ಅವರೇ. ಅವರು ಕೈಬಿಟ್ಟ ದಿನ ಅದು ದಾರಿಹೋಕರ ಸೊತ್ತಾಗುತ್ತದೆ. ಕೋತಗಿರಿಯ ಕಡೆಯ ಕರಿಕ್ಕಿಯೂರಿನ ಬಂಡೆಚಿತ್ರಗಳು ಪ್ರವಾಸಿಗರ ಗೀಚಾಟಕ್ಕೆ ಈಡಾಗಿರುವುದೇ ಇದಕ್ಕೆ ನಿದರ್ಶನ.

ಕನ್ನಡ ನಾಡಿಗೆ ಈ ವಿಷಯದಲ್ಲಿ ತನ್ನದೇ ಆದ ಹಳೆಯ ಶಿಕ್ಷಣವೊಂದಿದೆ, ಅದನ್ನು ನೆನೆಯುವುದು ಇಲ್ಲಿ ಉಚಿತ. ನೀಲಾದ್ರಿಯ ಹೆಸರೂ ತೋಡರ ಹೆಸರೂ ಮೊದಲು ಕಾಣಿಸುವುದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಪರಾಕ್ರಮವನ್ನು ವರ್ಣಿಸುವ 1117ರ ಚಾಮರಾಜನಗರದ ಬಸದಿಯ ಶಾಸನದಲ್ಲಿ. ತೋಡರನ್ನು ಬೆದರಿಸಿ ಬೆಟ್ಟವನ್ನು ವಶಪಡಿಸಿಕೊಂಡನೆಂಬ ಹೊಗಳಿಕೆಯ ಸಂದರ್ಭ ಅದು. ಯುದ್ಧದ ಆ ಮಾತು ಅಹಿತಕರವಾದರೂ, ಅಂಥ ಶಾಸನಗಳ ಲೋಕದಲ್ಲೇ ದತ್ತಿಯ ಧರ್ಮವೂ ಬೆಳೆಯಿತು. ದೇವಾಲಯಕ್ಕೋ ಬಸದಿಗೋ ಭೂಮಿ ಬಿಡುವಾಗ ಅದರ ಹುಟ್ಟುವಳಿ ನೈವೇದ್ಯಕ್ಕೆ, ನಂದಾದೀವಿಗೆಗೆ, ಋಷಿಗಳ ಆಹಾರಕ್ಕೆ, ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು, ಬಿರಿದದ್ದು, ಶಿಥಿಲವಾದದ್ದನ್ನು ಸರಿಪಡಿಸುವುದಕ್ಕೆ ಸಲ್ಲಬೇಕೆಂದು ನಮೂದಿಸುವುದು ವಾಡಿಕೆಯಾಗಿತ್ತು. ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳು ಇನ್ನೂ ಮುಂದೆ ಹೋಗಿ, ದಾನ ಮಾಡುವುದಕ್ಕಿಂತ ದಾನವನ್ನು ಕಾಪಾಡುವುದು ಮೇಲು, ತಾನು ಕೊಟ್ಟದ್ದನ್ನು ಕಾಪಾಡುವುದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯ ಎನ್ನುತ್ತವೆ. ಪರರ ಧರ್ಮಕ್ಕೆ ಕಾವಲಾಗುವುದನ್ನು ಸ್ವಂತ ಧರ್ಮಕಾರ್ಯಕ್ಕಿಂತ ಹಿರಿದೆಂದ ಈ ವಿಚಾರಕ್ಕೆ ಸಮನಾದದ್ದು ವೆನಿಸ್ ಸನ್ನದಿನಲ್ಲಿಲ್ಲ.

ಆಗಮಗಳ ಜೀರ್ಣೋದ್ಧಾರ ವಿಧಿಯಲ್ಲಿಯೂ ಇದಕ್ಕೆ ಹೊಂದುವ ಕ್ರಮವಿದೆ. ಗರ್ಭಗುಡಿಯನ್ನು ಬಿಚ್ಚುವ ಮೊದಲು ದೇವತಾಶಕ್ತಿಯನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಪುಟ್ಟ ಗುಡಿಯಲ್ಲಿಟ್ಟು ಪೂಜೆಯನ್ನು ತಡೆಯಿಲ್ಲದೆ ನಡೆಸಿ, ಕಟ್ಟಡ ಮುಗಿದ ಮೇಲೆ ಕುಂಭಾಭಿಷೇಕದ ಮೂಲಕ ಮರಳಿ ಪ್ರತಿಷ್ಠಾಪಿಸುತ್ತಾರೆ. ‘ಮಯಮತ’ದಂಥ ವಾಸ್ತುಗ್ರಂಥ ಜೀರ್ಣವಾದ ಗುಡಿಯ ದುರಸ್ತಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದೆ. ಗೋಡೆ ಬದಲಾದರೂ ಬದಲಾಗದೆ ನಡೆಯಬೇಕಾದದ್ದು ಪೂಜೆಯ ಸರಣಿ, ಆ ಸರಣಿಯನ್ನು ಸಾಕುವುದು ದತ್ತಿ ಎಂಬುದು ಇದರ ತಿರುಳು. ಈ ಕಣ್ಣಿನಿಂದ ಮುತ್ತನಾಡು ಮಂದಿನ ಗುಡಿಯನ್ನು ನೋಡಿದರೆ ಅದರ ದತ್ತಿ ಯಾವುದೆಂದು ತಡವಿಲ್ಲದೆ ತಿಳಿಯುತ್ತದೆ. ಅವ್‌ಫುಲ್ ಬೆಳೆಯುವ ಜೌಗು ಅದರ ಮಾನ್ಯದ ಭೂಮಿ. ಎಮ್ಮೆ ಮೇಯುವ ಹುಲ್ಲುಗಾವಲು ಅದರ ನೈವೇದ್ಯದ ಗದ್ದೆ. ಬೆತ್ತ ಬಿದಿರಿನ ಕಾಡು ಅದರ ಖಂಡಸ್ಫುಟಿತದ ನಿಧಿ. ತೋಡರ ಗುಡಿ ಬಡವಾದದ್ದು ಗೋಡೆಯಲ್ಲಿ ಅಲ್ಲ, ಈ ದತ್ತಿಯ ನಾಶದಲ್ಲಿ. 1840ರ ದಶಕದಲ್ಲಿ ಬಂದ ನೀಲಗಿರಿ ಮರವೂ, ಅದರ ಜೊತೆಗೆ ಹಬ್ಬಿದ ವ್ಯಾಟಲ್ ಗಿಡವೂ, ಚಹಾ ತೋಟಗಳೂ, ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯಗಳೂ ಶೋಲಾ ಹುಲ್ಲುಗಾವಲುಗಳ ಬಹುಭಾಗವನ್ನು ನುಂಗಿದವು. ಜೌಗುಗಳು ಬತ್ತಿದವು, ಎಮ್ಮೆಗಳ ಸಂಖ್ಯೆ ಇಳಿಯಿತು. ತೀ ಎಂಬ ಅತ್ಯುನ್ನತ ಶ್ರೇಣಿಯ ಹಾಲುಗುಡಿಗಳ ಪದ್ಧತಿ, ಪಾಲೋಲ್ ಎಂಬ ಪೂಜಾರಿ ಬ್ರಹ್ಮಚರ್ಯದ ಕಠಿಣ ನಿಯಮಗಳೊಡನೆ ನಡೆಸುತ್ತಿದ್ದ ಪದ್ಧತಿ, ಇಪ್ಪತ್ತನೆಯ ಶತಮಾನದ ನಡುವಿಗೆ ನಿಂತೇಹೋಯಿತು. ದತ್ತಿಯನ್ನು ಅಪಹರಿಸಿದವನಿಗೆ ಶಾಸನಗಳು ವಿಧಿಸಿದ ಪಾಪದ ಭಾರ ಇಲ್ಲಿ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಆಡಳಿತಗಳೂ, ಆ ಆಡಳಿತಗಳ ಫಲವುಂಡ ಎಲ್ಲರೂ ಯೋಚಿಸಬೇಕು.

ತರಬೇತಿಯ ಇನ್ನೊಂದು ತತ್ತ್ವವನ್ನೂ ಇಲ್ಲಿ ಒರೆಗೆ ಹಚ್ಚಬೇಕಾಗಿದೆ. ದಾಖಲು ಮಾಡದೆ ಸಂರಕ್ಷಣೆಯಿಲ್ಲ ಎಂಬುದು ಅದರ ಮೊದಲ ಪಾಠ. ಆದರೆ ತೋಡರ ಗುಡಿಯ ಒಳಗೆ ಪೂಜಾರಿಯ ಹೊರತು ಬೇರೆಯವರು ಕಾಲಿಡುವಂತಿಲ್ಲ, ಹೆಂಗಸರು ಗುಡಿಯ ಬಳಿಗೂ ಹೋಗುವಂತಿಲ್ಲ. ಅಳೆಯದ ಒಳಕೋಣೆಯಿರುವ ನಕ್ಷೆ ಅಪೂರ್ಣವೆಂದು ತಜ್ಞನಿಗೆ ಅನ್ನಿಸುವುದು ಸಹಜ. ಅದನ್ನು ಅಪೂರ್ಣವಾಗಿಯೇ ಬಿಡಬೇಕು. ಜ್ಞಾನದ ಹೆಸರಿನಲ್ಲಿ ಎಲ್ಲ ಬಾಗಿಲನ್ನೂ ತೆರೆಸುವ ಹಕ್ಕು ತಮಗಿದೆ ಎಂದು ನಂಬಿದ ಅಗೆತಗಾರರು ಬೆಟ್ಟದ ಸಮಾಧಿಗಳಿಗೆ ಏನು ಮಾಡಿದರೆಂಬುದು ಕಣ್ಣ ಮುಂದಿದೆ. ಹೆಂಗಸರನ್ನು ದೂರವಿಡುವ ನಿಯಮ ಇಂದಿನ ಸಮಾನತೆಯ ವಿವೇಕಕ್ಕೆ ನೋವುಂಟುಮಾಡುತ್ತದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದನ್ನು ಪ್ರಶ್ನಿಸುವ, ಸಡಿಲಿಸುವ ಅಧಿಕಾರ ತೋಡ ಹೆಂಗಸರದೂ ಗಂಡಸರದೂ ಹೊರತು, ಕೆಲವು ವಾರಗಳ ಶಿಕ್ಷಣ ಮುಗಿಸಿ ಬಂದ ಹೊರಗಿನವರದಲ್ಲ. ದಾಖಲೆಯೆಂಬುದು ನಕ್ಷೆಯ ರೂಪದಲ್ಲೇ ಇರಬೇಕೆಂದೂ ಇಲ್ಲ. 1930ರ ದಶಕದಲ್ಲಿ ತೋಡರ ನಡುವೆ ಕೆಲಸ ಮಾಡಿದ ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1971ರಲ್ಲಿ ಪ್ರಕಟಿಸಿದ ತೋಡ ಹಾಡುಗಳ ಬೃಹತ್ ಸಂಪುಟವನ್ನು ನೋಡಿದವರಿಗೆ, ಒಂದೊಂದು ಕುಲದ, ಮಂದಿನ, ಗುಡಿಯ, ಎಮ್ಮೆಯ ಹೆಸರುಗಳು ಜೋಡಿ ಜೋಡಿ ಪದಗಳಾಗಿ ಹಾಡಿನಲ್ಲಿ ನಿಂತಿರುವುದು ತಿಳಿಯುತ್ತದೆ. ಆ ಹಾಡುಗಾರಿಕೆ ನಡೆದಿರುವವರೆಗೆ ಈ ಗುಡಿಗಳ ದಾಖಲೆ ಸಮುದಾಯದ ನಾಲಗೆಯ ಮೇಲೇ ಇದೆ. ಇಪ್ಪತ್ತೊಂದನೆಯ ಶತಮಾನದಲ್ಲಿ ತರುಣ್ ಛಾಬ್ರಾ ಅವರ 2015ರ ಗ್ರಂಥ ತೋರಿಸಿಕೊಟ್ಟಂತೆ, ಗಿಡ, ಹುಲ್ಲು, ತೊರೆ, ಬೆಟ್ಟಗಳಿಂದ ಬೇರ್ಪಡಿಸಿ ತೋಡರ ಯಾವ ವಿಧಿಯನ್ನೂ ಅರ್ಥಮಾಡಿಕೊಳ್ಳಲಾಗದು; ಅವರ ದೇವತೆಗಳೇ ಬೆಟ್ಟಗಳು, ಸತ್ತವರ ಲೋಕ ಇರುವುದು ಪಡುವಣಕ್ಕೆ.

ಆದುದರಿಂದ ಅಂತರರಾಷ್ಟ್ರೀಯ ತರಬೇತಿ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಸಮಾಧಿವೃತ್ತಗಳಿಗೆ, ಬಂಡೆಚಿತ್ರಗಳಿಗೆ, ಶ್ರೀರಂಗಪಟ್ಟಣದ ತೊಲೆಗಳಿಗೆ ಆ ವಿದ್ಯೆ ಬೇಕೇಬೇಕು, ಅದನ್ನು ಕಲಿತವರು ಈ ಜಿಲ್ಲೆಗೆ ಇನ್ನೂ ಹೆಚ್ಚಾಗಿ ಬರಬೇಕು. ಬೇಕಾಗಿರುವುದು ಪಾಠಗಳ ಅನುಕ್ರಮದಲ್ಲಿ ಬದಲಾವಣೆ. ಕಟ್ಟಡದ ದ್ರವ್ಯ ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಗಿಂತ ಮೊದಲು, ಇದನ್ನು ಕಾಯುತ್ತ ಬಂದವರು ಇದ್ದಾರೆಯೇ, ಅವರನ್ನು ಸಾಕುವ ನೆಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಕೇಳುವುದನ್ನು ಶಿಕ್ಷಾರ್ಥಿಗೆ ಕಲಿಸಬೇಕು. ಕಾಯುವವರಿಲ್ಲದಿದ್ದರೆ ದ್ರವ್ಯವನ್ನು ಸಾಕ್ಷಿಯಂತೆ ಕಾಪಾಡಲಿ; ಇದ್ದರೆ ಅವರ ಕೈ ನಿಲ್ಲದಂತೆ ನೋಡಿಕೊಳ್ಳಲಿ, ಅದಕ್ಕಾಗಿ ಸುಣ್ಣ ಗಾರೆಗಳ ವಿದ್ಯೆಯನ್ನು ಬಿಟ್ಟು ಜೌಗಿನ ಹುಲ್ಲಿನ ವಿದ್ಯೆಯನ್ನೂ ಅರಣ್ಯದ ಕಾನೂನನ್ನೂ ಕಲಿಯಬೇಕಾಗಿ ಬಂದರೆ ಕಲಿಯಲಿ. ಮಂದಿನ ಹಿರಿಯರು ಆ ಶಿಕ್ಷಣದಲ್ಲಿ ಮಾಹಿತಿ ಕೊಡುವವರಾಗಿ ಕೂಡದೆ, ಗುರುಗಳಾಗಿ, ಗುರುವಿಗೆ ಸಲ್ಲುವ ಸಂಭಾವನೆಯೊಡನೆ ಕೂಡಬೇಕು. ಅರಣ್ಯ ಹಕ್ಕುಗಳ 2006ರ ಕಾಯ್ದೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಅರಣ್ಯವಾಸಿ ಬುಡಕಟ್ಟುಗಳಿಗೆ ಕೊಟ್ಟಿದೆ. ಬಿದಿರು ಮತ್ತು ಬೆತ್ತ ಎರಡನ್ನೂ ಆ ಕಾಯ್ದೆ ಹೆಸರು ಹಿಡಿದು ಹೇಳಿದೆ. ನೀಲಗಿರಿಯ ಗುಡಿಗಳ ಸಂರಕ್ಷಣೆಗೆ ಹೊರಡುವ ಪ್ರತಿಯೊಬ್ಬ ತಜ್ಞನೂ ವೆನಿಸ್ ಸನ್ನದಿನ ಜೊತೆಗೆ ಈ ಕಾಯ್ದೆಯನ್ನೂ ಓದಿಕೊಂಡು ಬರಬೇಕು, ಅದರಲ್ಲಿ ಬರೆದಿರುವ ಹಕ್ಕು ಮಂದುಗಳಿಗೆ ದಕ್ಕುವಂತೆ ತನ್ನ ವಿದ್ಯೆಯನ್ನೂ ಅಧಿಕಾರವನ್ನೂ ಬಳಸಬೇಕು.